ಸಿಟ್ಟಿನ ಹೊರೆ

ಡಾ. ಮಹಾಂತೇಶ ಕುಷ್ಟಗಿಯವರ ಹಿತ್ತಿಲಲ್ಲಿ ತಪೇಲಿಯೊಂದು ಬೆಂಕಿಯಿಲ್ಲದೆ ಕುದಿಯುತ್ತಿತ್ತು. ಹಳೆಯ ಕರೆಂಟು ಒಲೆಗಳಿಂದ ಬಿಚ್ಚಿ, ತುಂಡು ಮಾಡಿದ ಕಾಯಿಲುಗಳು ನೀರಿನಲ್ಲಿ ಮುಳುಗಿದ್ದವು. ಅವುಗಳಿಂದ ಹೊರಟ ದಪ್ಪ ತಂತಿಗಳು ಇಟ್ಟಿಗೆ ಗಾತ್ರದ ಒಂದು ಕಬ್ಬಿಣದ ಪೆಟ್ಟಿಗೆಗೆ ಸೇರಿದ್ದವು. ಪೆಟ್ಟಿಗೆಯ ನೆತ್ತಿಯ ಮೇಲೆ ಹಸಿರು ದೀಪವಿತ್ತು. ಒಂದು ತಾಸಿನಿಂದ ಅದು ಕಣ್ಣು ಮಿಟುಕಿಸದೆ ಉರಿಯುತ್ತಿತ್ತು.

"ನಿನ್ನ ಪೆಟ್ಟಿಗಿ ಗಟ್ಟಿ ಐತಿ ನೋಡು, ತಂಗಿ. ಇಷ್ಟು ನೀರು ಕುದಿಸಿದ್ರೂ ದಣಿದಿಲ್ಲ," ಎಂದರು ಡಾಕ್ಟರು.

"ಗಟ್ಟಿ ಇದ್ರ ನಮ್ಮತ್ತಿ ಯಾಕ ಅರ್ಧಾ ಮಾತಿಗೇ ಮೂಕಿ ಆಗ್ತಾರ್ರಿ?" ಎಂದಳು ಅತ್ತೆಯ ಯಂತ್ರದ ಪೆಟ್ಟಿಗೆ ತಂದಿದ್ದ ಕಸ್ತೂರಿ.

ಡಾಕ್ಟರಿಗೆ ಸ್ವಲ್ಪ ಮುಖಭಂಗವಾಯಿತು. ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾಗಿ ಗದಗಿಗೆ ಮರಳಿದ ಮೇಲೆ ಅವರು ತಮ್ಮ ಕೈಯಾರೆ ಕಟ್ಟಿದ್ದು ಈ ಹೊರೆಪರೀಕ್ಷಕವೊಂದೇ. ಗಣಕಗಳಿಗೆ ವಿದ್ಯುತ್ತು ಉಣಿಸುವ ಪೆಟ್ಟಿಗೆಗೆ ಶಕ್ತಿಪೆಟ್ಟಿಗೆ ಎನ್ನುತ್ತಾರೆ. ಅದು ಸುಮ್ಮನೆ ಕೂತಾಗ ಯಾರಿಗೂ ಕೆಟ್ಟುಹೋದಂತೆ ಕಾಣುವುದಿಲ್ಲ. ಎತ್ತಿನ ಕಸುವು ಸಂತೆಯಲ್ಲಿ ಗೊತ್ತಾಗುವುದಿಲ್ಲ, ಬಂಡಿ ಹೂಡಿದಾಗ ಗೊತ್ತಾಗುತ್ತದೆ. ಆದ್ದರಿಂದ ಗಣಕದ ಬದಲು ಕಾಯಿಲುಗಳನ್ನು ಜೋಡಿಸಿ, ಗಣಕ ಎಳೆಯುವಷ್ಟೇ ವಿದ್ಯುತ್ತನ್ನು ಎಳೆದು, ಪೆಟ್ಟಿಗೆ ತಡೆಯುತ್ತದೋ ಇಲ್ಲವೋ ಎಂದು ನೋಡುವುದು ಪರೀಕ್ಷಕದ ಕೆಲಸ. ಎಳೆದ ವಿದ್ಯುತ್ತೆಲ್ಲ ಕಾವಾಗುತ್ತದೆ. ಅದು ವ್ಯರ್ಥವಾಗದಿರಲೆಂದು ಡಾಕ್ಟರು ನೀರಿಟ್ಟಿದ್ದರು, ನೀರು ಕುದಿದಾಗ ಇಬ್ಬರಿಗೂ ಚಹಾ ಮಾಡಿದರು.

ಕಸ್ತೂರಿಯ ಅತ್ತೆ ಬಸಲಿಂಗವ್ವ ಮುಳಗುಂದ ನಾಕಾದ ಹತ್ತಿರ ಖಾನಾವಳಿ ಕಟ್ಟಿ ಬೆಳೆಸಿದವಳು. ಅಡುಗೆಯವರನ್ನು, ಬಡಿಸುವವರನ್ನು, ಸಾಲ ಹೇಳುವ ಗಿರಾಕಿಗಳನ್ನು ಬಾಗಿಲ ಬಳಿಯ ಕುರ್ಚಿಯಿಂದ ಬರಿಯ ಬಾಯಲ್ಲೇ ಆಳಿದವಳು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವಳ ದನಿ ಹೋಯಿತು. ಆ ಕಾಲಕ್ಕೆ ಅದು ದೊಡ್ಡ ಸಂಗತಿಯಾಗಿರಲಿಲ್ಲ, ಏಕೆಂದರೆ ಕಂಠಗಣಕ ಬಂದಾಗಿತ್ತು. ಕೊರಳಿಗೆ ಕಟ್ಟಿದ ಪಟ್ಟಿ ಸ್ನಾಯುಗಳ ಮಿಡಿತವನ್ನು ಓದುತ್ತಿತ್ತು. ಪಕ್ಕದ ಗಣಕ, ಪಟ್ಟಿ ಕಟ್ಟಿಕೊಂಡವರು ಆಡಬೇಕೆಂದ ಮಾತನ್ನು ಅವರದೇ ದನಿಯಲ್ಲಿ, ಅದೇ ಭಾವದಲ್ಲಿ ಆಡಿ ತೋರಿಸುತ್ತಿತ್ತು. ದೇಶದ ತುಂಬ ಲಕ್ಷಾಂತರ ಜನ ಹೀಗೆ ಮತ್ತೆ ಮಾತು ಕಲಿತಿದ್ದರು.

ಬಸಲಿಂಗವ್ವನ ಯಂತ್ರ ಮಾತ್ರ ಮಾತಿನ ನಡುವೆ ಪಕ್ಕನೆ ಆರಿಹೋಗುತ್ತಿತ್ತು. ಕಂಪನಿಯವನು ಎರಡು ಸಲ ಬಂದು ಹಸಿರು ದೀಪ ತೋರಿಸಿ ಹೋಗಿದ್ದ. ಓಣಿಯ ಹೆಂಗಸರು ಕಸ್ತೂರಿಗೆ ಗುಟ್ಟಾಗಿ ಹೇಳಿದ್ದರು: "ಬಾಯಿ ಬಂದ್ ಆತಲ್ಲ, ನಿನ್ನ ಪುಣ್ಯಾ. ರಿಪೇರಿ ಯಾಕ ಮಾಡಸ್ತೀ?"

"ಹಂಗಾರ ಯಾಕ ಮಾಡಸ್ತೀ?" ಡಾಕ್ಟರೂ ಅದನ್ನೇ ಕೇಳಿದರು.

ಕಸ್ತೂರಿ ಚಹಾದ ಲೋಟವನ್ನು ಕೆಳಗಿಟ್ಟಳು. "ಅವರು ಉಣ್ಣೂದು ಬಿಟ್ಟಾರ್ರಿ. ಅರ್ಧಾ ರೊಟ್ಟಿ ಮುರದು ಕೈ ತೊಳಿತಾರ. ಕುರ್ಚಿ ಬಿಟ್ಟು ಒಳಗ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾರ. ಹಿಂಗಾದ್ರ ಎಷ್ಟು ದಿನಾ ಬದುಕ್ತಾರ್ರಿ?"

ಈಗ ಡಾಕ್ಟರು ಕೇಳಬೇಕಾದ ಪ್ರಶ್ನೆ ಕೇಳಿದರು. "ಯಂತ್ರ ಯಾವಾಗ ನಿಲ್ಲತೈತಿ? ನೀರು ಕೊಡು, ಬಾಗಲಾ ಹಾಕು ಅಂದಾಗ ನಿಲ್ಲತೈತೇನು?"

"ಇಲ್ರಿ." ಕಸ್ತೂರಿಗೆ ಸಂಕೋಚ. ಮನೆಯ ಮಾತು ಹೊರಗೆ ಹಾಕಿದಂತಾಗುತ್ತದೆ. "ಬೈಯೂವಾಗ್ರಿ. ಎರಡನೇ ಮಾತಿಗೆ ಸರಿಯಾಗಿ ನಿಲ್ಲತೈತಿ."

ಡಾಕ್ಟರು ಗಟ್ಟಿಯಾಗಿ ನಕ್ಕರು, ಆಮೇಲೆ ತಟ್ಟನೆ ನಗು ನಿಲ್ಲಿಸಿದರು. ಸಾದಾ ಮಾತಿಗೆ ಕಂಠಗಣಕಕ್ಕೆ ಹೆಚ್ಚು ಶ್ರಮವಿಲ್ಲ. ಸಿಟ್ಟು ಹಾಗಲ್ಲ. ಏರುದನಿ, ವೇಗ, ವ್ಯಂಗ್ಯ, ನಡುವೆ ಉಸಿರು ಕಟ್ಟಿ ಮತ್ತೆ ಬಿಡುವುದು ಇವೆಲ್ಲವನ್ನೂ ಗಣಕ ಒಟ್ಟಿಗೆ ಲೆಕ್ಕ ಹಾಕಬೇಕು; ಕಣ್ಣುರೆಪ್ಪೆ ಮಿಟುಕಿಸುವುದರೊಳಗೆ ಅದರ ಹಸಿವು ನಾಲ್ಕು ಪಟ್ಟಾಗುತ್ತದೆ. ಆದರೆ ಶಕ್ತಿಪೆಟ್ಟಿಗೆಗಳಿಗೆ ಮಾನದಂಡ ಬರೆದ ಪಂಡಿತರು ಪರೀಕ್ಷೆಗೆ ಹವಾಮಾನ ವರದಿಯನ್ನೂ ಬೆಳಗಿನ ಪ್ರಾರ್ಥನೆಯನ್ನೂ ಆರಿಸಿದ್ದರು. ಮನುಷ್ಯರು ಬೈಯುತ್ತಾರೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

"ನನ್ನ ತಪೇಲಿನೂ ಪ್ರಾರ್ಥನಿನ ಮಾಡಾಕ ಹತ್ತೇತಿ," ಎಂದರು ಡಾಕ್ಟರು. "ಒಂದೇ ಸಮ ಎಳಿತೈತಿ. ಇದಕ್ಕ ಸಿಟ್ಟು ಕಲಿಸಬೇಕು."

ಮರುದಿನ ಕಸ್ತೂರಿ ಗಣಕವನ್ನೂ ಕೊರಳಪಟ್ಟಿಯನ್ನೂ ಹೊತ್ತು ತಂದಳು. ಡಾಕ್ಟರು ಗಣಕವನ್ನು ಲಾರಿಯ ಬ್ಯಾಟರಿಗೆ ಜೋಡಿಸಿ, ಅದು ಎಳೆಯುವ ವಿದ್ಯುತ್ತಿನ ಏರಿಳಿತವನ್ನು ದಾಖಲಿಸುವ ಮಾಪಕ ಇಟ್ಟರು. ಕಾಯಿಲುಗಳಿಗೆ ಒಂದೊಂದು ವಿದ್ಯುನ್ಮಾನ ಸ್ವಿಚ್ಚು ಕೂಡಿಸಿದರು; ದಾಖಲಾದ ಏರಿಳಿತವನ್ನೇ ಅವು ಆಮೇಲೆ ನಕಲು ಮಾಡಬೇಕು. ಪಟ್ಟಿಯನ್ನು ಕಸ್ತೂರಿಯ ಕೊರಳಿಗೆ ಕಟ್ಟಿದರು.

"ದನಿ ತಗೀಬ್ಯಾಡ, ಒಳಗ ಬೈ. ಅತ್ತಿ ಬೈದಂಗ ಬೈ."

"ಯಾರಿಗ್ರಿ?"

"ಆ ಬಾಳಿಗಿಡಕ್ಕ ಬೈ."

ಕಸ್ತೂರಿ ಬಾಳೆಗಿಡದ ಕಡೆ ತಿರುಗಿದಳು. ಗಣಕ ಅವಳ ಪರವಾಗಿ, "ಏನ ಅವಸರಾ ನಿಂದು, ಹಂಚ ಕಾಯೂಕಿಂತ ಮೊದಲ ರೊಟ್ಟಿ ಹಾಕ್ತೀ?" ಎಂದು ಶಾಲೆಯ ಹುಡುಗಿ ಪದ್ಯ ಒಪ್ಪಿಸಿದಂತೆ ಹೇಳಿತು. ಮಾಪಕದ ಮುಳ್ಳು ಅಲುಗಲಿಲ್ಲ. ಗಣಕ ಓದುವುದು ಸಿಟ್ಟನ್ನು. ಇಲ್ಲಿ ಶಬ್ದ ಮಾತ್ರ ಇತ್ತು. ಇನ್ನೆರಡು ಸಲ ಪ್ರಯತ್ನಿಸಿ ಇಬ್ಬರೂ ಸೋತರು.

ಸೋತ ಡಾಕ್ಟರು ಸುಮ್ಮನೆ ಕೇಳಿದರು: "ಕಂಪನಿಯಾಂವ ಏನಂದಿದ್ದ?"

"ಮುದುಕಿಗಿ ಅರಳು ಮರಳು, ಯಂತ್ರ ಸರಿ ಐತಿ ಅಂದ್ರಿ. ಅವರ ಎದುರಿಗೇ ಅಂದಾ. ಅವರಿಗಿ ತಿರುಗಿ ಅನ್ನಾಕ..." ಕಸ್ತೂರಿ ಅಲ್ಲಿಗೇ ತಡೆದಳು. ಮೂಗಿನ ಹೊಳ್ಳೆ ಅರಳಿತು.

ಗಣಕ ಸಿಡಿಯಿತು. "ಅರಳು ಮರಳು ನಿಮ್ಮಪ್ಪಗ! ಉಂಡ ಎಲಿ ಎತ್ತಾಕ ಬರದಾಂವ ನನ್ನ ಶಾಣ್ಯಾತನಾ ಅಳ್ಯಾಕ ಬಂದ್ಯಾ? ನಿಮ್ಮವ್ವ ನಿನ್ನ ಕೈಯಾಗ ಕೆಲಸಾ ಕೊಟ್ಟಿದ್ಲೋ ಬರೇ ಕನ್ನಡಿ ಕೊಟ್ಟಿದ್ಲೋ? ನನ್ನ ಖಾನಾವಳಿ ಹಿಟ್ಟು ನಾದಿದ್ರ ಗೊತ್ತಾಗ್ತಿತ್ತು ನಿನಗ!"

ದನಿ ಕಸ್ತೂರಿಯದು, ಮಾತು ಪೂರಾ ಬಸಲಿಂಗವ್ವನದು. ಮುಳ್ಳು ಚಂಗನೆ ನೆಗೆದು ತುದಿಗೆ ಬಡಿಯಿತು. ಮದುವೆಯಾದಂದಿನಿಂದ ಕೇಳಿ ಕೇಳಿ ಬಾಯಿಪಾಠವಾದ ಬೈಗುಳವನ್ನು ಅವಳು ತಾನೇ ಇನ್ನೊಬ್ಬರಿಗೆ ಬೈದದ್ದು ಅದೇ ಮೊದಲು.

ಡಾಕ್ಟರು ಆ ಏರಿಳಿತವನ್ನು ಕಾಯಿಲುಗಳಿಗೆ ಉಣಿಸಿ, ಹಳೆಯ ಶಕ್ತಿಪೆಟ್ಟಿಗೆಯನ್ನು ಮತ್ತೆ ಜೋಡಿಸಿದರು. ತಪೇಲಿಯ ನೀರು ಒಮ್ಮೆ ಕೊತಗುಟ್ಟಿ, ಒಮ್ಮೆ ತಣ್ಣಗಾಗಿ, ಜಗಳವಾಡುವವರಂತೆ ವರ್ತಿಸಿತು. 'ನಿಮ್ಮಪ್ಪಗ' ಎಂಬಲ್ಲಿಗೆ ಸರಿಯಾಗಿ ಪೆಟ್ಟಿಗೆಯ ವಿದ್ಯುತ್ ಒತ್ತಡ ಧೊಪ್ಪನೆ ಕುಸಿದು ಮತ್ತೆ ಎದ್ದಿತು. ಹಸಿರು ದೀಪಕ್ಕೆ ಸುದ್ದಿಯೇ ಇರಲಿಲ್ಲ. ಅಷ್ಟು ಕ್ಷಣಿಕವಾದ ಕುಸಿತವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಗಣಕ ಆರಲು ಅಷ್ಟು ಸಾಕು.

"ನೋಡು," ಎಂದು ಡಾಕ್ಟರು ಪೆಟ್ಟಿಗೆ ಬಿಚ್ಚಿ ಬೆರಳಿನ ತುದಿಯಷ್ಟಿದ್ದ ಬಿಡಿಭಾಗ ತೋರಿಸಿದರು. "ಇದು ಧಾರಕ. ನಿಮ್ಮ ಅಡಗಿಮನಿ ಕೊಡಾ ಇದ್ದಂಗ. ನಳದಾಗ ನೀರು ಒಂದೇ ಸಮ ಬರತೈತಿ, ಆದ್ರ ಒಮ್ಮಿಂದೊಮ್ಮೆಲೆ ಬೀಗರು ಬಂದ್ರ ಕೊಡದಾಗಿಂದ ಮೊಗೀಬೇಕು. ಕಂಪನಿಯವರು ಕೊಡದ ಬದಲಿ ತಂಬಿಗಿ ಇಟ್ಟಾರ."

ಅವರು ದೊಡ್ಡ ಧಾರಕಗಳನ್ನು ಕೂಡಿಸಿದರು. ತಪೇಲಿ ಮತ್ತೆ ಬೈದಿತು. ಪೆಟ್ಟಿಗೆ ಕೊನೆಯ ತನಕ ಕೇಳಿಸಿಕೊಂಡಿತು.

ಮರುದಿನ ಪೆಟ್ಟಿಗೆ ಕೂಡಿಸಲು ಡಾಕ್ಟರೇ ಖಾನಾವಳಿಗೆ ಹೋದರು. ಊಟ ಮಾಡದೆ ಹೋಗಕೂಡದೆಂದು ಕಸ್ತೂರಿ ಹಟ ಹಿಡಿದಳು. ಅವಳು ಸಾರಿಗೆ ಉಪ್ಪು ಹಾಕಿದ್ದನ್ನು ಅವರು ನೋಡಿದರು. ಮತ್ತೊಂದು ಹಿಡಿ ಹಾಕಿದ್ದನ್ನೂ ನೋಡಿದರು.

"ತಂಗಿ, ಎರಡು ಸಲ ಹಾಕಿದಿ."

"ಸುಮ್ನಿರ್ರಿ ಸರ್. ನಿಮ್ಮ ಪರೀಕ್ಷಾ ನಿನ್ನಿಗಿ ಮುಗೀತು. ಇದು ನಂದು."

ಬಸಲಿಂಗವ್ವನನ್ನು ಕೈ ಹಿಡಿದು ತಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂಡಿಸಿ, ಕೊರಳಿಗೆ ಪಟ್ಟಿ ಕಟ್ಟಿದರು. ಸೊರಗಿದ ಮುದುಕಿ ಯಾರನ್ನೂ ನೋಡದೆ, ಸಾರಿನಲ್ಲಿ ಅದ್ದಿದ ರೊಟ್ಟಿಯ ಚೂರನ್ನು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಉಪ್ಪಿನ ಗಡಿಗಿ ಮಗುಚಿ ಬಿತ್ತೇನ ಇದರಾಗ?" ಎಂದಿತು ಗಣಕ, ಅವಳದೇ ದನಿಯಲ್ಲಿ.

ಅಷ್ಟಕ್ಕೆ ಅವಳೇ ನಿಲ್ಲಿಸಿದಳು. ಇಲ್ಲಿಗೆ ಕಡಿದುಹೋಗುವುದು ರೂಢಿಯಾಗಿಬಿಟ್ಟಿತ್ತು. ಡಾಕ್ಟರು ಕಿವಿಗೊಟ್ಟರು. ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಬಸಲಿಂಗವ್ವ ಅದನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಸಮುದ್ರದ ಸಾರು ಮಾಡೀಯೇನು? ಗಿರಾಕಿಗೋಳು ಉಣ್ಣಾಕ ಬರ್ತಾರೋ ಈಸಾಕ ಬರ್ತಾರೋ? ನಾ ನಾಕು ದಿನಾ ಮಲಗಿದ್ರ ಖಾನಾವಳಿ ಹೆಸರು ಮಣ್ಣಾಗ ಹಾಕಿದಿ! ಮತ್ತ ಈ ಮನಷ್ಯಾ ನೋಡು, ಇದನ್ನ ಚಪ್ಪರಿಸಿ ಉಣ್ಣಾಕ ಹತ್ಯಾನ, ಇಂವಗ ನಾಲಿಗಿ ಐತೋ ಇಲ್ಲೋ..."

ಉಪ್ಪುಸಾರನ್ನು ಮರ್ಯಾದೆಗೆಂದು ಉಣ್ಣುತ್ತಿದ್ದ ಡಾಕ್ಟರು ಕೈ ಹಿಂದೆಗೆದರು. ಅಡುಗೆಮನೆಯಿಂದ ಕೆಲಸದವರೆಲ್ಲ ಹೊರಬಂದು ನಿಂತರು. ಕಸ್ತೂರಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಳಾಕೇನಾತು?" ಎಂದಳು ಬಸಲಿಂಗವ್ವ. "ನಾ ಇನ್ನೂ ಮುಗಿಸಿಲ್ಲ."