ಶೇಡ್ ಮಾಸ್ಟರ್ ಕಲಿತ ಜಪಾನಿ ಹಾಡು

"ಈ ಹಲ್ಲಿಗೆ ಜೀವಾನೇ ಇಲ್ಲ!"

ಅವಳು ಮೂರು ಗಂಟೆ ಕೂತು ಮೇಣದಲ್ಲಿ ಕೆತ್ತಿದ್ದ ಮುಂಭಾಗದ ಹಲ್ಲನ್ನು ಆತ ಎರಡು ಬೆರಳಲ್ಲಿ ಎತ್ತಿ, ಒಮ್ಮೆ ತಿರುಗಿಸಿ ನೋಡಿ, ಕಸದ ಡಬ್ಬಿಗೆ ಹಾಕಿಬಿಟ್ಟ.

ಅದು ಕಟ್ಟುಹಲ್ಲು ತಯಾರಿಸುವ ಲ್ಯಾಬ್. ಅವಳಿಗೆ ಅಂದು ಕೆಲಸದ ಮೊದಲ ದಿನ. ಆತ ಅಲ್ಲಿನ ಶೇಡ್ ಮಾಸ್ಟರ್. ಪಿಂಗಾಣಿ ಹಲ್ಲಿಗೆ ಬಣ್ಣ ಹೊಂದಿಸುವುದರಲ್ಲಿ ಎತ್ತಿದ ಕೈ. ಮಾತಿನಲ್ಲಿ ಮಾತ್ರ... ಅಬ್ಬಬ್ಬಾ!

ಅವಳ ಕಣ್ಣು ತುಂಬಿತು.

"ಅಳೋದಾದ್ರೆ ಆ ಕಡೆ ತಿರುಗಿ ಅಳಿ. ಪ್ಲಾಸ್ಟರ್ ಒದ್ದೆಯಾಗುತ್ತೆ."

ಥೂ, ಇವನೂ ಒಬ್ಬ ಮನುಷ್ಯನಾ! ಎಂದುಕೊಂಡಳು.

ಊಟದ ಹೊತ್ತಿಗೆ ಅವಳ ಫೋನಿಗೆ ಅವನಿಂದ ಒಂದು ಹಾಡು ಬಂತು. ಕೆಳಗೆ ಬರೆದಿತ್ತು: 'ರೆಕಮೆಂಡೆಡ್. ಜಪಾನಿ ಹಾಡು. ಹಾಡಿರೋದು ಮನುಷ್ಯರಲ್ಲ, ಕಂಪ್ಯೂಟರ್ ಕಂಠ. ಕೇಳಿ.'

ಸಾರಿ ಎನ್ನುವ ಎರಡಕ್ಷರಕ್ಕೆ ಗಂಡಸರು ಎಷ್ಟು ಸುತ್ತು ಬಳಸುತ್ತಾರೆ ನೋಡಿ!

ಮೊದಲ ಸಲ ಕೇಳಿದಾಗ ಸೊಳ್ಳೆಯೊಂದು ಕಿವಿಯೊಳಗೆ ಸಿಕ್ಕಿಕೊಂಡಂತಿತ್ತು. ಉಸಿರನ್ನೇ ತೆಗೆದುಕೊಳ್ಳದೆ ಓಡುವ ಕಂಠ. ಮೂರನೇ ಸಲಕ್ಕೆ ಅವಳ ಕಾಲು ತಾನಾಗಿ ತಾಳ ಹಾಕತೊಡಗಿತು.

ಅಲ್ಲಿಂದ ದಿನಕ್ಕೊಂದು ಹಾಡು. ಮೂರು ತಿಂಗಳು!

"ಎರಡನೇ ನಿಮಿಷ ಬಿಡದೆ ಕೇಳಿ. ಮನುಷ್ಯರು ಹಾಡಿದ್ರೆ ಅಲ್ಲೇ ಬಿದ್ದು ಹೋಗ್ತಿದ್ರು," ಎನ್ನುತ್ತಿದ್ದ. ಚಹಾದ ಹೊತ್ತಿನಲ್ಲಿ ಒಂದೇ ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಇವಳ ಕಿವಿಗೆ. ಒಮ್ಮೆ ಅವಳು ನಕ್ಕಾಗ ದೀಪವನ್ನು ಅವಳ ಕಡೆ ತಿರುಗಿಸಿ, "ನಿಮ್ಮ ಹಲ್ಲಿನ ಶೇಡು ನನ್ನ ಡಬ್ಬೀಲಿ ಇಲ್ವೇ ಇಲ್ಲ," ಎಂದ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಇಷ್ಟೊಂದು ಹಾಡು ಕಳಿಸುವವನ ಮನಸ್ಸಿನಲ್ಲಿ ಬೇರೇನಿರಲು ಸಾಧ್ಯ!

ಅದನ್ನು ಹಾಳು ಮಾಡಿದವಳು ಅಕ್ಕ. ಜಪಾನಿ ಯಂತ್ರಗಳ ಕೈಪಿಡಿಗಳನ್ನು ಮನೆಯಲ್ಲೇ ಕೂತು ಅನುವಾದ ಮಾಡುವುದು ಅವಳ ಕೆಲಸ. ತಂಗಿ ಬಟ್ಟೆ ಮಡಿಸುತ್ತಾ ಹಾಡು ಹಾಕಿಕೊಂಡಿದ್ದಾಗ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

"ಯಾರೇ ಇದನ್ನ ಕಳಿಸಿದ್ದು?"

"ಅವರೇ..." ತಂಗಿಯ ಕೆನ್ನೆ ಕೆಂಪಾಯಿತು.

"ಪೆದ್ದೀ! 'ನಿನ್ನ ಮುಖ ನೋಡಿದ ದಿನವೇ ನನ್ನ ಬಾಳು ಕೊಳೆಯಿತು' ಅಂತ ಇದೆ ಇದ್ರಲ್ಲಿ!"

ಮುಂದಿನ ಹಾಡು: 'ನಗಬೇಡ, ನಿನ್ನ ನಗು ಕಂಡರೆ ಹೇಸಿಗೆ.' ಅದರ ಮುಂದಿನದು ಇನ್ನೂ ಕೆಟ್ಟದ್ದು. ರಾಗ ಸಕ್ಕರೆ, ಮಾತು ವಿಷ.

ತಂಗಿಯ ಕೈಯಲ್ಲಿದ್ದ ಬಟ್ಟೆ ಜಾರಿತು. ಮೂರು ತಿಂಗಳು ನನ್ನನ್ನು ಆಡಿಕೊಂಡು ನಕ್ಕನಾ? ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಗೆ ಹಚ್ಚಿ...?

"ಅಕ್ಕಾ, ಇದಕ್ಕಿಂತ ಕೆಟ್ಟ ಹಾಡು ಇದ್ಯಾ?"

"ಬೇಕಾದಷ್ಟು!" ಅಕ್ಕನಿಗೋ ಹಬ್ಬ.

ಇಬ್ಬರೂ ಕೂತು ಎಂಟು ಹಾಡು ಆರಿಸಿದರು. ಒಂದನ್ನು ಕೇಳಿದರೆ ಇನ್ನೊಂದು ಬೇಡ, ಅಂಥ ಬೈಗುಳಗಳು. ರಾಗ ಮಾತ್ರ ಕುಣಿಸುವಂಥದ್ದು. ಮರುದಿನ ಮೊದಲನೆಯದನ್ನು ಕಳಿಸಿದಳು. 'ರೆಕಮೆಂಡೆಡ್.'

ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

"ನೀವೂ ಹುಡುಕಿದ್ರಾ? ನನಗೋಸ್ಕರ?"

"ಹೂಂ. ನಿಮಗೋಸ್ಕರಾನೇ," ಎಂದಳು ಹಲ್ಲು ಕಚ್ಚಿ.

ಆ ಪುಣ್ಯಾತ್ಮ ದಿನಕ್ಕೊಂದರಂತೆ ಎಂಟನ್ನೂ ಕೇಳಿದ್ದಲ್ಲದೆ, ಒಂದನ್ನು ಶೇಡ್ ಪುಸ್ತಕದ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ. ಪಿಂಗಾಣಿಗೆ ಕುಂಚ ಆಡಿಸುತ್ತಾ, ಅವಳ ಕಡೆ ಓರೆಗಣ್ಣಲ್ಲಿ ನೋಡುತ್ತಾ, 'ನೀನು ಹುಟ್ಟದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು' ಎಂದು ಪ್ರೀತಿ ಸುರಿಸಿ ಹಾಡಿದ.

ಅರ್ಥ ಗೊತ್ತಿರುವವನು ಹೀಗೆ ಹಾಡುತ್ತಾನೆಯೇ?

ಅವಳಿಗೆ ಆಗಲೇ ಹೊಳೆಯಿತು. ಇವನಿಗೆ ಒಂದಕ್ಷರವೂ ಗೊತ್ತಿಲ್ಲ! ರಾಗ ಹಿಡಿಸಿತೆಂದು ಕಳಿಸಿದ್ದಾನೆ, ಅಷ್ಟೇ. ದೇವರೇ... ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ತಾನು ಕಳಿಸಿದ್ದು ಏನೆಂದೂ ಹೇಳಬೇಕಲ್ಲ! ನಾಳೆ ಹೇಳಿದರಾಯಿತು ಎಂದು ಸುಮ್ಮನಾದಳು. ಆ ನಾಳೆಗೆ ಅವನು ಇನ್ನೊಂದು ಚರಣ ಕಲಿತು ಬಂದಿದ್ದ.

ಅದೇ ವಾರ ಲ್ಯಾಬಿಗೆ ಜಪಾನಿನಿಂದ ಪಿಂಗಾಣಿ ಸುಡುವ ಹೊಸ ಕುಲುಮೆ ಬಂತು. ಅದನ್ನು ಕಲಿಸಲು ಅಲ್ಲಿಂದಲೇ ಒಬ್ಬ ಇಂಜಿನಿಯರ್ ಹೆಂಗಸೂ ಬಂದರು. ಅವರ ಮಾತುಕತೆಯೆಲ್ಲ ಫೋನಿನ ಅನುವಾದದ ಮೂಲಕ. ಯಜಮಾನರಿಗೆ ಉಬ್ಬೋ ಉಬ್ಬು.

"ನಮ್ಮ ಮಾಸ್ಟರು ನಿಮ್ಮ ಭಾಷೇಲೇ ಹಾಡ್ತಾರೆ! ಹಾಡ್ರೀ!"

"ಬೇಡ..." ಎಂದಳು ಅವಳು. ಯಾರಿಗೂ ಕೇಳಿಸಲಿಲ್ಲ.

"ಇದು ನನಗೆ ತುಂಬಾ ಬೇಕಾದವರು ಕೊಟ್ಟ ಹಾಡು," ಎಂದು ಅವಳನ್ನೇ ನೋಡುತ್ತಾ ಶುರು ಮಾಡಿದ.

ಇಂಜಿನಿಯರ್ ಮೊದಲು ಚಪ್ಪಾಳೆ ತಟ್ಟಿದರು. ಎರಡನೇ ಸಾಲಿಗೆ ಕೈ ನಿಂತಿತು. ಹಾಡು ಮುಗಿದ ಮೇಲೆ ಫೋನು ತೆಗೆದು ಮೆಲ್ಲಗೆ ಏನೋ ಹೇಳಿದರು. ಅದರೊಳಗಿನ ಯಂತ್ರದ ಕಂಠ ಇಡೀ ಲ್ಯಾಬಿಗೆ ಕೇಳುವಂತೆ ಕನ್ನಡದಲ್ಲಿ ಓದಿತು:

"ಈ ಹಾಡನ್ನು ಕೊಟ್ಟವರು ನೀವು ಸಾಯಬೇಕೆಂದು ಬಯಸುತ್ತಾರೆಯೇ?"

ಯಾರೋ ಕಿಸಕ್ಕನೆ ನಕ್ಕರು.

ಅವನು ಅವಳನ್ನು ನೋಡಿದ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ತಲೆ ತಗ್ಗಿಸಿ, ಕೈಯಲ್ಲಿದ್ದ ಮೇಣವನ್ನು ಕೆರೆಯುತ್ತಾ ಕೂತಳು.

ಆಮೇಲಿನ ಒಂಬತ್ತು ದಿನ ಅವನು ಬಯ್ಯಲಿಲ್ಲ. ಹಾಡು ಕಳಿಸಲಿಲ್ಲ. ತನ್ನ ಮೇಜನ್ನು ದೂರದ ಕಿಟಕಿಯ ಬದಿಗೆ ಹಾಕಿಸಿಕೊಂಡ. ಅವಳು ಬೇಕೆಂದೇ ಸೊಟ್ಟ ಹಲ್ಲು ಕೆತ್ತಿ ಮುಂದಿಟ್ಟರೂ, "ಸರಿಯಿದೆ," ಎಂದು ಪಕ್ಕಕ್ಕೆ ಸರಿಸಿದ. ಬೈಯಿರಪ್ಪಾ! ಎಂದು ಕೂಗಬೇಕೆನಿಸಿತು ಅವಳಿಗೆ.

ಹತ್ತನೇ ದಿನ, ಎಲ್ಲರೂ ಊಟಕ್ಕೆ ಹೋದ ಮೇಲೆ, ಅವನ ಮೇಜಿನೆದುರು ಹೋಗಿ ನಿಂತಳು.

"ನೀವು ಕಳಿಸಿದ ಹಾಡುಗಳ ಅರ್ಥ ಅಕ್ಕ ಹೇಳಿದ್ಲು. ಎಲ್ಲಾ ಬೈಗುಳ. ನನಗೆ ಹೇಳಿದ್ದು ಅಂದ್ಕೊಂಡು, ತಿರುಗಿ ಅಂಥದ್ದೇ ಕಳಿಸಿದೆ."

ಅವನ ಕುಂಚ ನಿಂತಿತು. "ನನಗೆ ಅರ್ಥ ಗೊತ್ತಿರ್ಲಿಲ್ಲ."

"ನಿಮಗೆ ಗೊತ್ತಿರ್ಲಿಲ್ಲ ಅನ್ನೋದು ಈಗ ನನಗೂ ಗೊತ್ತು."

"ಯಾವಾಗ ಗೊತ್ತಾಯ್ತು?"

ಇಲ್ಲೊಂದು ಸುಳ್ಳು ಹೇಳಬಹುದಿತ್ತು. ಗಂಟಲವರೆಗೂ ಬಂದಿತ್ತು.

"ಇಂಜಿನಿಯರ್ ಬರೋಕೆ ಮುಂಚೆನೇ..."

"ಗೊತ್ತಿದ್ದೂ ಹಾಡೋಕೆ ಬಿಟ್ರಿ."

"ಬಿಟ್ಟೆ."

ಅವನು ದೀಪ ಆರಿಸಿ, ಸ್ಟೂಲನ್ನು ಕಾಲಿಂದ ಅವಳ ಕಡೆ ತಳ್ಳಿದ. "ಕೂತ್ಕೊಳ್ಳಿ. ಎಂಟೂ ಹೇಳಿ. ಕನ್ನಡದಲ್ಲಿ, ನನ್ನ ಮುಖ ನೋಡ್ಕೊಂಡು."

"ಆಗಲ್ಲ ನನ್ ಕೈಲಿ..."

"ಕಳಿಸೋಕೆ ಆಯ್ತಲ್ಲ."

ಹೇಳಿದಳು. 'ನೀನು ಹುಟ್ಟದೇ ಇದ್ದಿದ್ದರೆ...' 'ನಿನ್ನ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುತ್ತೇನೆ...' ರಾಗವಿಲ್ಲದ ಮಾತು ಕಲ್ಲಿನಂತೆ ಬೀಳುತ್ತಿತ್ತು. ಮೂರನೆಯದಕ್ಕೆ ಅಳು ಬಂತು. ಅವನು ಸಾಕು ಅನ್ನಲಿಲ್ಲ. ಆರನೆಯದಕ್ಕೆ ಅವನ ಕಣ್ಣೂ ಒದ್ದೆಯಾಯಿತು, ಆದರೂ ಸಾಕು ಅನ್ನಲಿಲ್ಲ. ಎಂಟನೆಯದನ್ನು ಅವಳು ಬಿಕ್ಕುತ್ತಲೇ ಮುಗಿಸಿದಳು.

"ಮುಗೀತಾ?"

"ಮುಗೀತು."

"ಈಗ ನಿಮ್ಮ ಸ್ವಂತದ್ದೇನಿದ್ರೂ ಹೇಳಿ."

ಅವಳು ಮೂಗು ಒರೆಸಿಕೊಂಡಳು. ಮೂರು ತಿಂಗಳು ಅವನ ಬಾಯಿಂದ ಬರಲೆಂದು ಕಾದಿದ್ದ ಮಾತನ್ನು ಈಗ ತಾನೇ ಆಡಬೇಕಾಯಿತು.

"ನೀವಂದ್ರೆ ನನಗಿಷ್ಟ. ಮೊದಲ ಹಾಡಿಂದಾನೇ."

ಅವನು ಒಣಗುತ್ತಿದ್ದ ಕುಂಚವನ್ನು ತೊಳೆದು ಪಕ್ಕಕ್ಕಿಟ್ಟ.

"ನನಗೂ. ಅದಕ್ಕೇ ಇಷ್ಟು ನೋವಾಗಿದ್ದು," ಎಂದ ಕೊನೆಗೆ. "ಕೋಪ ಇನ್ನೂ ಹೋಗಿಲ್ಲ."

"ಎಷ್ಟು ದಿನ ಇರುತ್ತೆ?"

"ಯಾರಿಗ್ಗೊತ್ತು. ಪಕ್ಕದಲ್ಲೇ ಕೂತಿರಿ. ಹೋದಾಗ ಹೇಳ್ತೀನಿ."