ದಾರ ಸುತ್ತಿದ ಪಿಸ್ತೂಲು

“ದಾರ ಮಾತ್ರ ಬಿಚ್ಚಬ್ಯಾಡ್ರಿ. ಹಂಗೇ ನೋಡಿ ಬೆಲೆ ಹೇಳ್ರಿ,” ಎಂದಳು ಸೂರಮ್ಮ.

ಮಹಾಂತೇಶ ನಕ್ಕ. “ನಾನು ಜವಳಿ ಅಂಗಡಿಯಿಂದ ಬಂದೋನಲ್ಲಮ್ಮ, ದಾರ ನೋಡಿ ಬೆಲೆ ಕಟ್ಟೋಕೆ.”

ಅವನು ಬಂದದ್ದು ದಾವಣಗೆರೆಯ ಬಂದೂಕಿನ ಅಂಗಡಿಯಿಂದ. ಸೂರಮ್ಮನ ಗಂಡ ಹನುಮಣ್ಣ ತೀರಿಕೊಂಡಿದ್ದ. ಅವನ ಹೆಸರಿನ ಪರವಾನಗಿಯೂ ಮುಗಿದಿತ್ತು. ಮನೆಯಲ್ಲಿದ್ದ ಪಿಸ್ತೂಲನ್ನು ಠಾಣೆಗೆ ಒಪ್ಪಿಸಬೇಕು, ಇಲ್ಲವೇ ಪರವಾನಗಿಯುಳ್ಳ ಅಂಗಡಿಗೆ ಕೊಡಬೇಕು. ಸೈನ್ಯದ ಹಳೆಯ ಆಯುಧಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅದು ಯಾವ ಕಾಲದ್ದು, ಭಾಗಗಳೆಲ್ಲ ಮೂಲದವೇ ಎಂದು ಪರೀಕ್ಷಿಸಿ ಬೆಲೆ ಹೇಳುವುದು ಮಹಾಂತೇಶನ ಕಸುಬು. ಕಣ್ಣು ಮುಚ್ಚಿಕೊಂಡು, ಗುಂಡು ಹಾರಿಸುವ ಕುದುರೆಯನ್ನು ಎಳೆದ ಸದ್ದು ಕೇಳಿದರೆ ಸಾಕು, ಯಾವ ಪಿಸ್ತೂಲೆಂದು ಹೇಳಿಬಿಡುತ್ತೇನೆ ಎಂಬ ಹೆಮ್ಮೆ ಅವನಿಗಿತ್ತು.

ದೇವಸಮುದ್ರದ ಆ ಮನೆಯ ದೇವರಕೋಣೆಗೆ ಕಿಟಕಿಯಿರಲಿಲ್ಲ. ನಡುಹಗಲಲ್ಲೂ ಕತ್ತಲು. ಹರಳೆಣ್ಣೆಯ ಕಮಟು, ಕುರಿಯುಣ್ಣೆಯ ವಾಸನೆ, ಬಾಡಿದ ಹೂವಿನ ವಾಸನೆ ಒಟ್ಟಿಗೆ ಕಟ್ಟಿಕೊಂಡಿದ್ದವು. ದೀಪದ ಮುಂದೆ ಕಂಬಳಿಯ ಮೇಲೆ ಪಿಸ್ತೂಲು ಮಲಗಿತ್ತು. ಕುದುರೆಯ ಸುತ್ತ ರೇಷ್ಮೆಯ ಎಳೆಗಳು ಉಂಡೆಯಾಗಿ ಸುತ್ತಿಕೊಂಡಿದ್ದವು. ಒಳಗಿನವು ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಮೇಲಿನ ಎಳೆ ಮಾತ್ರ ಹೊಸ ಕೆಂಪು.

ಬಾಗಿಲಲ್ಲಿ ಸೂರಮ್ಮನ ಮಗ ಮಾರುತೇಶ ನಿಂತಿದ್ದ. ನಲವತ್ತು ದಾಟಿದ ಗಂಡಸು. ಅವನು ತಾಯಿಯ ಕಡೆ ನೋಡಿ ಬಾಯಿ ತೆರೆದ. ಬಾಯಿಂದ ‘ಕಟ್’ ಎಂಬ ಸದ್ದಷ್ಟೇ ಬಂತು.

“ಬಂದೆ ಕಣಪ್ಪ, ಇರು,” ಎಂದಳು ಸೂರಮ್ಮ.

“ಏನಣ್ಣ, ಅಡಿಕೆ ಕಡೀತಿದೀಯಾ?” ಎಂದ ಮಹಾಂತೇಶ. ಯಾರೂ ನಗಲಿಲ್ಲ.

ಸೂರಮ್ಮ ದೀಪಕ್ಕೆ ಎಣ್ಣೆ ಹಾಕಿದಳು. “ನಮ್ಮ ಮಾವನ ಅಪ್ಪ ಯುದ್ಧಕ್ಕೆ ಹೋಗಿದ್ದ. ಬರ್ತಾ ಇದನ್ನ ತಂದ. ಕುಡಿದ ಮತ್ತಿನಾಗೆ ಮೊಳಕಾಲ್ಮೂರಿನ ನೇಯೋರ ಹುಡುಗನ್ನ ಇದ್ರಿಂದ್ಲೇ ಗುಂಡು ಹೊಡೆದು ಸಾಯಿಸಿಬಿಟ್ಟ. ಆ ತಾಯಿಗೆ ಒಬ್ಬನೇ ಮಗ.”

ಒಂದು ಸೀರೆ ಮುಗಿದಾಗ ಆ ಕಡೆಯ ನೇಯುವವರು ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಹಳೆಯ ಹಾಸಿನ, ಅಂದರೆ ಉದ್ದನೆಯ ಎಳೆಗಳ, ತುದಿಗಳನ್ನು ಉಳಿಸಿಕೊಂಡು, ಅದಕ್ಕೇ ಹೊಸ ಹಾಸಿನ ಎಳೆಗಳನ್ನು ಗಂಟು ಹಾಕುತ್ತಾರೆ. ಆ ತಾಯಿ ಅಂದು ಹಾಸನ್ನು ಬುಡಮಟ್ಟ ಕೊಯ್ದಳು. ಕೊಯ್ದ ಎಳೆಗಳನ್ನು ಮಗನ ರಕ್ತದಲ್ಲಿ ಅದ್ದಿ, ಮಾಟಗಾರನಿಂದ ಮಂತ್ರಿಸಿ, ಈ ಮನೆಯ ಹೊಸಿಲ ಕೆಳಗೆ ಹೂಳಿದಳು.

“‘ನನ್ನ ಮನೇಲಿ ಅವ್ವ ಅಂತ ಕರೆಯೋ ದನಿ ನಿಂತೋಯ್ತು. ಇದರ ಸದ್ದು ಮಾಡ್ಸಿದೋನ ಮನೇಲೂ ಕರೆಯೋ ದನಿ ನಿಲ್ಲಲಿ’ ಅಂದ್ಲಂತೆ. ಅವತ್ತಿಂದ ವರ್ಷವರ್ಷಾನೂ ಆಯುಧಪೂಜೆಗೆ ಮೊಳಕಾಲ್ಮೂರಿಗೆ ಹೋಗಿ, ಮಗ್ಗದಾಗೆ ಉಳಿದ ಎಳೆ ಬೇಡ್ಕಂಡು ಬಂದು ಕುದುರೆಗೆ ಕಟ್ತೀವಿ. ಸದ್ದಾಗಬಾರ್ದು ಅಂತ.”

“ಈ ಮಾಟಕ್ಕೂ ಲೈಸೆನ್ಸ್ ಐತೇನಮ್ಮ?” ಎಂದು ಮಹಾಂತೇಶ ಬ್ಲೇಡು ತೆಗೆದ.

ವರ್ಷವರ್ಷವೂ ಕಟ್ಟಿದ ಗಂಟುಗಳು ಒಂದೊಂದಾಗಿ ಹರಿದು ಕಂಬಳಿಯ ಮೇಲೆ ಬಿದ್ದವು. ಅವನು ಬ್ಯಾಟರಿ ಹಾಕಿ ನೋಡಿದ. ಇಂಗ್ಲೆಂಡಿನ ವೆಬ್ಲಿ, ಆರನೆಯ ಮಾದರಿ. ೧೯೧೬ರ ಮುದ್ರೆ. ಬ್ರಿಟಿಷ್ ಸೈನ್ಯದ ಬಾಣದ ಗುರುತು. ಚೌಕಟ್ಟಿನ ಮೇಲೂ ಗುಂಡು ತುಂಬುವ ಉರುಳೆಯ ಮೇಲೂ ಒಂದೇ ಸಂಖ್ಯೆ. ಹಿಡಿಕೆಯೂ ಮೂಲದ್ದೇ. ಉರುಳೆ ಖಾಲಿ. ಅವನ ಎದೆ ಹಿಗ್ಗಿತು. ಇಂಥದ್ದು ಅವನ ಕೈಗೆ ಎಂದೂ ಬಂದಿರಲಿಲ್ಲ. ಇನ್ನು ಒಳಗಿನ ಸ್ಪ್ರಿಂಗ್ ಒಂದನ್ನು ಕುದುರೆ ಎಳೆದು ನೋಡುವುದು ಉಳಿದಿತ್ತು.

“ನಿಂಗೆ ಮಕ್ಕಳು ಐದಾವೇನಪ್ಪ?” ಎಂದು ಕೇಳಿದಳು ಸೂರಮ್ಮ.

“ಒಬ್ಬಳು. ಐಶ್ವರ್ಯ. ದಿನಾ ಅಪ್ಪಾ ಅಪ್ಪಾ ಅಂತ ತಲೆ ತಿಂತಾಳೆ.”

“ಹಂಗಾದ್ರೆ ಬ್ಯಾಡ. ಕೈ ಮುಗಿತೀನಿ.”

ಅವನು ಕಣ್ಣು ಮುಚ್ಚಿದ. ಕುದುರೆ ಎಳೆದ.

ಕಟ್.

ದೀಪ ಆರಲಿಲ್ಲ. ಗಾಳಿ ಬೀಸಲಿಲ್ಲ. ಏನೂ ಆಗಲಿಲ್ಲ. ಮಾರುತೇಶ ಮಾತ್ರ ಬಾಗಿಲಲ್ಲೇ ಕುಸಿದು ಅಳತೊಡಗಿದ. ಅಳುವಿಗೆ ದನಿಯಿರಲಿಲ್ಲ. ತೆರೆದ ಬಾಯಿಂದ ‘ಕಟ್, ಕಟ್’ ಎಂಬುದಷ್ಟೇ ಬಂತು. ಈಗ ತಾನೇ ಕೈಯಲ್ಲಿ ಕೇಳಿದ ಸದ್ದು. ಅದೇ ಸದ್ದು.

“ಇವರಪ್ಪನೂ ನಂಬಲಿಲ್ಲ,” ಎಂದಳು ಸೂರಮ್ಮ. “ಒಂದೇ ಸಲ ಎಳೆದಿದ್ದು. ಇವನಿಗಾಗ ನಾಲ್ಕು ವರ್ಷ.”

ಮಹಾಂತೇಶ ಪಿಸ್ತೂಲನ್ನು ಕಂಬಳಿಯ ಮೇಲೆ ಬಿಟ್ಟು ಎದ್ದ. ಹೊರಗೆ ಬಂದು ಕಾರು ಹತ್ತಿದ. ಕಾರು ಬಿ.ಜಿ. ಕೆರೆ ದಾಟಿತು. ರೇಷ್ಮೆಯ ಒಂದು ಎಳೆ ಬೆರಳಿಗೆ ಅಂಟಿಕೊಂಡಿತ್ತು. ಕೊಡವಿದ. ಬೀಳಲಿಲ್ಲ. ಚಳ್ಳಕೆರೆ ಹತ್ತಿರವಾದಾಗ ಫೋನ್ ಹೊಡೆದುಕೊಂಡಿತು. ಹೆಂಡತಿ ಪುಷ್ಪಲತಾ.

“ರೀ, ಪಾಪು ಮಧ್ಯಾಹ್ನದಿಂದ ಮಾತಾಡ್ತಿಲ್ಲ. ಆಟ ಆಡ್ತಿದ್ದೋಳು ಹಂಗೇ ಸುಮ್ನಾಗಿಬಿಟ್ಲು.”

ಅವನು ಕಾರು ನಿಲ್ಲಿಸಿದ. “ಅವಳ ಕೈಗೆ ಕೊಡು.”

ಉಸಿರು ಕೇಳಿಸಿತು. ಪುಟ್ಟ ಉಸಿರು. ಅವನು ಕಾದ. ಶಿವನೇ, ಒಂದೇ ಒಂದು ಸಲ. ಕಾದ. ಫೋನಿನೊಳಗೆ ಬಾಯಿ ತೆರೆದ ಸದ್ದು.

ಕಟ್.

ವೆಬ್ಲಿ, ಆರನೆಯ ಮಾದರಿ. ಅವನ ಕಿವಿ ತಪ್ಪಲಿಲ್ಲ.

ಮಗುವಿನ ಗಂಟಲಲ್ಲಿ ಯಾವ ದೋಷವೂ ಇಲ್ಲವೆಂದು ಎಲ್ಲ ವೈದ್ಯರೂ ಹೇಳಿದರು. ಸೂರಮ್ಮ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿದಳು. ಅದಕ್ಕೂ ಮೊದಲು ಮೊಳಕಾಲ್ಮೂರಿಗೆ ಹೋಗಿ ಎಳೆ ಬೇಡಿ ತಂದು, ಕುದುರೆಗೆ ಕಟ್ಟಿದವನು ಮಹಾಂತೇಶನೇ. ಕಟ್ಟಿದರೆ ಹೋದದ್ದು ಬರುತ್ತದೆಯೇ ಎಂದು ಅವನು ಕೇಳಿದ. ಸೂರಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು.

ಈಗ ಅವನು ಬಂದೂಕಿನ ಅಂಗಡಿಯ ಕಡೆ ಹೋಗುವುದಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತಿರುತ್ತಾನೆ. ಒಳಮನೆಯಿಂದ ಐಶ್ವರ್ಯ ಅಪ್ಪನನ್ನು ಕರೆಯುತ್ತಾಳೆ.

ಕಟ್.

“ಬಂದೆ ಕಣವ್ವ, ಇರು,” ಎಂದು ಅವನು ಏಳುತ್ತಾನೆ.