ಸೂಪಿನ ಬಗ್ಗೆ ಒಂದು ಅಭಿಪ್ರಾಯ

ಹನ್ನೆರಡನೆಯ ಚೀಟಿಯವರೆಗೂ ಅವಳು ನಗುತ್ತಲೇ ಇದ್ದಳು.

ನಗದೆ ಇರುವುದಾದರೂ ಹೇಗೆ? ಒಬ್ಬ ಹೆಂಗಸು ಬರೆದಿದ್ದಳು: ‘ನನ್ನನ್ನು ನೋಡಲು ಬಂದ ಗಂಡು ನಾಲ್ಕನೇ ಟೇಬಲ್ಲಿನಲ್ಲಿ ಕೂತು ನೂಡಲ್ಸನ್ನೆಲ್ಲ ಶರ್ಟಿನ ಮೇಲೆ ಚೆಲ್ಲಿಕೊಂಡರು. ಇಷ್ಟು ಪೆದ್ದು ಮನುಷ್ಯ ಮೋಸ ಮಾಡಲಾರ ಎಂದು ಒಪ್ಪಿಬಿಟ್ಟೆ. ಮೂವತ್ತೊಂದು ವರ್ಷವಾಯಿತು, ಈಗಲೂ ಚೆಲ್ಲುತ್ತಾರೆ.’ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದರು: ‘ಫ್ರೈಡ್ ರೈಸಿನಲ್ಲಿ ಬಟಾಣಿ ಕಡಿಮೆ. ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವವರಿಲ್ಲ. ಬರುವ ಮಂಗಳವಾರ ಮತ್ತೆ ಬರುತ್ತೇನೆ.’

ಚೀಟಿಗಳ ಡಬ್ಬ ಹೊತ್ತು ತಂದವನು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ. ಚೀಟಿಗಳನ್ನು ಅವನು ಆಗಲೇ ಓದಿಯಾಗಿತ್ತು. ಈಗ ಅವಳು ಓದುವುದನ್ನು ಓದುತ್ತಿದ್ದ. ಅವಳು ತಲೆ ಎತ್ತಿದಾಗಲೆಲ್ಲ ಗೋಂದಿನ ಡಬ್ಬಿಯಲ್ಲಿ ಏನೋ ಮಹತ್ವದ್ದು ಕಂಡವನಂತೆ ಅತ್ತ ಬಗ್ಗುತ್ತಿದ್ದ.

“ಓದ್ತಾ ಕೂತ್ರೆ ಬೈಂಡಿಂಗ್ ಯಾವಾಗ, ಗೋಂದು ಮೇಡಂ?”

“ಓದದೆ ಹೊಲಿದ್ರೆ ತಲೆಕೆಳಗಾಗುತ್ತೆ, ನೂಡಲ್ ಅವ್ರೇ. ಪರವಾಗಿಲ್ವಾ?”

ಅವನು ಎತ್ತರ, ಸಪೂರ. ಚೈನೀಸ್ ಹೋಟೆಲಿನವನ ಮಗ ಬೇರೆ. ಬೀದಿಯ ಜನ ಇನ್ನೇನು ಹೆಸರಿಟ್ಟಾರು? ಅವನ ಮುತ್ತಾತ ಚೀನಾದಿಂದ ಹಡಗಿನಲ್ಲಿ ಬಂದವನಂತೆ. ಈಗ ಉಳಿದವರು ಅಪ್ಪ ಮತ್ತು ಮಗ, ಇಬ್ಬರೇ. ಕೆಂಪು ಬಾಗಿಲಿನ ಆ ಹೋಟೆಲಿಗೆ ನಲವತ್ತು ವರ್ಷ ತುಂಬುತ್ತಿತ್ತು. ಬಾಗಿಲ ಬಳಿ ಒಂದು ಡಬ್ಬವಿಟ್ಟು, ‘ನಿಮ್ಮ ನೆನಪು, ನಿಮ್ಮ ಅಭಿಪ್ರಾಯ ಬರೆದು ಹಾಕಿ’ ಎಂದವನು ಮಗ. ಆ ಚೀಟಿಗಳನ್ನು ಹಾಳೆಗೆ ಅಂಟಿಸಿ, ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿಕೊಡುವ ಕೆಲಸ ಎದುರು ಬದಿಯ ಬೈಂಡಿಂಗ್ ಅಂಗಡಿಗೆ ಬಂದಿತ್ತು. ಅಂಗಡಿ ಅವಳ ದೊಡ್ಡಮ್ಮನದು. ಕೈ ಮಾತ್ರ ಅವಳದು.

ಹದಿಮೂರನೆಯದು ಚೀಟಿಯಾಗಿರಲಿಲ್ಲ. ನಾಲ್ಕು ಮಡಿಕೆಯ ಪ್ರಿಂಟ್‌ಔಟ್. ಮಡಿಸಿ ಬಿಡಿಸಿ ಮಡಿಕೆಗಳು ಬಟ್ಟೆಯಷ್ಟು ಮೆತ್ತಗಾಗಿದ್ದವು.

‘ಇದು ಸೂಪ್ ಅಲ್ಲ, ಸಮುದ್ರದ ನೀರು. ಅಡುಗೆಯವರ ನಾಲಿಗೆ ಸತ್ತು ಎಷ್ಟು ದಿನವಾಯಿತೋ! ವಯಸ್ಸಾದ ಮೇಲೆ ಸೌಟು ಕೆಳಗಿಡುವುದೂ ಒಂದು ಮರ್ಯಾದೆ.’

ಕೆಳಗೆ ಬರೆದವರ ಹೆಸರಿರಲಿಲ್ಲ. ಫೋನಿನಲ್ಲಿ ಅದನ್ನು ಓದಿ ನಕ್ಕವರ ಸಂಖ್ಯೆ ಮಾತ್ರ ಇತ್ತು, ನಾನೂರ ಹನ್ನೆರಡು.

ಅವಳಿಗೆ ಹೆಸರು ಬೇಕಿರಲಿಲ್ಲ. ಒಂದೊಂದು ಅಕ್ಷರವೂ ಅವಳದೇ.

“ಇದು ಯಾಕೆ?” ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

“ಅಪ್ಪ ಕೊಟ್ರು. ಒಳ್ಳೇದನ್ನ ಮಾತ್ರ ಹಾಕಿದ್ರೆ ಅದು ಪುಸ್ತಕ ಅಲ್ಲ, ಜಾಹೀರಾತು ಅಂದ್ರು. ಇದನ್ನ ಓದಿದ ದಿನ ಏಪ್ರನ್ ಬಿಚ್ಚಿ ಮೊಳೆಗೆ ತಗಲಿಹಾಕಿದವರು, ಎರಡು ವರ್ಷ ಆಯ್ತು, ಅಡುಗೆಮನೆ ಹೊಸ್ತಿಲು ದಾಟಿಲ್ಲ.” ಅವನು ನಗು ಬಿಟ್ಟಿದ್ದ. “ಬರೆದವರು ಸಿಕ್ಕಿದ್ರೆ ಜಗಳ ಏನೂ ಆಡಲ್ಲ ನಾನು. ಕರ್ಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸ್ತೀನಿ, ಅಷ್ಟೇ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳ ಕೈ ಕೊರಳ ಬಳಿ ಹೋಯಿತು. ಗೋಂದು ಅಂಟಿತು.

“ಪುಸ್ತಕ ಮುಗೀಲಿ,” ಅವನು ಎದ್ದು ನಿಂತು ಬಾಗಿಲ ಚೌಕಟ್ಟಿಗೆ ತಲೆ ತಗಲದಂತೆ ಬಗ್ಗಿದ. “ನಿಮ್ಮ ಹತ್ರ ಒಂದು ಮಾತು ಕೇಳೋದಿದೆ. ಎರಡು ವರ್ಷದ ಹಿಂದೆ ಕೇಳ್ಬೇಕಾಗಿದ್ದು.”

ಆ ಎರಡು ವರ್ಷದ ಹಿಂದಿನ ಮಾತು ಇಷ್ಟೇ. ಆಗ ಅವಳು ವಾರಕ್ಕೆ ಎರಡು ಸಲ ಅಲ್ಲಿ ಊಟಕ್ಕೆ ಹೋಗುತ್ತಿದ್ದಳು. ಒಂದು ದಿನ ಬಟ್ಟಲಿಡುತ್ತ ಅವನು ಮೆಲ್ಲಗೆ, “ನಾಳೆ ಒಂದೂವರೆಗೆ ಸಿಗೋಣ್ವಾ? ಒಂದು ಮಾತಿದೆ” ಅಂದಿದ್ದ. ಎಲ್ಲಿ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮರುದಿನ ಅವಳು ನೀಲಿ ಬಟ್ಟೆ ತೊಟ್ಟು ಕೆಂಪು ಬಾಗಿಲು ತಳ್ಳಿ ಒಳಗೆ ಹೋದಳು. ಅವನಿರಲಿಲ್ಲ. ಒಂದು ಗಂಟೆ ಕಾದಳು. ಸೂಪ್ ಬಂತು, ಬಾಯಿಗಿಡಲಾಗದಷ್ಟು ಉಪ್ಪು. ಅಂಗಡಿಗೂ ಹೋಗದೆ ನೇರ ಮನೆಗೆ ನಡೆದಳು. ಬೇಡದವಳೆಂದು ಅನ್ನಿಸಿಕೊಂಡ ಹುಡುಗಿಯ ಕೈಗೆ ಫೋನ್ ಸಿಗಬಾರದು ನೋಡಿ. ಅವನ ಮೇಲಿನ ಸಿಟ್ಟನ್ನೆಲ್ಲ ಅವಳು ಸೂಪಿನ ಮೇಲೆ ಸುರಿದಳು. ಬರೆದಾಗ ಹಿತವಾಗಿತ್ತು, ಜನ ನಕ್ಕಾಗ ಇನ್ನೂ ಹಿತವಾಯಿತು. ಮೂರನೆಯ ದಿನ ನಾಚಿಕೆಯಾಗಿ ಅಳಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಫೋನಿನಲ್ಲಿ ಬರೆದದ್ದಾದರೆ ಅಳಿಸಬಹುದಲ್ಲ ಎಂದುಕೊಂಡಿದ್ದಳು. ಅಷ್ಟರಲ್ಲಿ ಅವನ ಅಪ್ಪ ಅದನ್ನು ಕಾಗದಕ್ಕೆ ಇಳಿಸಿಕೊಂಡಿದ್ದರು.

ಅವರು ಒಲೆ ಬಿಟ್ಟದ್ದು ಅವಳಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಮೆನು ಕಾರ್ಡುಗಳಿಗೆ ರಟ್ಟು ಹಾಕಿಸಲು ಇವನು ಬಂದಾಗ. ಅಂದಿನಿಂದ ಅವನ ನಗು ಕಂಡಾಗಲೆಲ್ಲ ಅವಳಿಗೆ ಮೊದಲು ಹಿಗ್ಗು, ಹಿಂದೆಯೇ ತಾನು ಬರೆದ ಸಾಲುಗಳ ನೆನಪು. ಅಂದು ಎಲ್ಲಿ ಹೋಗಿದ್ದೆ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅಂದಿನ ಮಧ್ಯಾಹ್ನವೇ ಎದ್ದು ಬರುತ್ತಿತ್ತು.

ಆ ವಾರವೆಲ್ಲ ದಿನವೂ ಮೂರು ಗಂಟೆಗೆ, ಮಧ್ಯಾಹ್ನದ ಊಟ ಮುಗಿದು ಹೋಟೆಲ್ ಮುಚ್ಚಿದ ಹೊತ್ತಿಗೆ, ಅವನು ಬಂದು ಕೂರುತ್ತಿದ್ದ. ಅವಳು ದಾರಕ್ಕೆ ಮೇಣ ಸವರುವುದನ್ನು, ಸೂಜಿ ಹಲ್ಲಲ್ಲಿ ಕಚ್ಚಿ ಹಾಳೆ ಜೋಡಿಸುವುದನ್ನು ನೋಡುತ್ತಿದ್ದ. “ಸೂಜಿ ನುಂಗ್ಬಿಟ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?” ಅನ್ನುತ್ತಿದ್ದ. “ದೊಡ್ಡಮ್ಮನಿಗೆ,” ಅನ್ನುತ್ತಿದ್ದಳು. “ಅಯ್ಯೋ, ಹಾಗಾದ್ರೆ ನಾನೇ ನುಂಗ್ತೀನಿ ಕೊಡಿ,” ಅನ್ನುತ್ತಿದ್ದ. ಅವಳಿಗೆ ನಗು ಬರುತ್ತಿತ್ತು, ನಕ್ಕದ್ದಕ್ಕೆ ತನ್ನ ಮೇಲೆಯೇ ಕೋಪ ಬರುತ್ತಿತ್ತು.

ಒಂದು ದಾರಿ ಸುಲಭವಿತ್ತು. ಹಾಳೆಯನ್ನು ಅಂಟಿಸಿ, ಹೊಲಿದು, ಸುಮ್ಮನಿದ್ದುಬಿಡುವುದು. ಯಾರಿಗೂ ಗೊತ್ತಾಗುವುದಿಲ್ಲ. ಅವನು ಕೇಳಬೇಕಾದ್ದನ್ನು ಕೇಳುತ್ತಾನೆ, ಅವಳು ಹೂಂ ಅನ್ನುತ್ತಾಳೆ. ಆಮೇಲೆ ಬದುಕಿಡೀ ಆ ಮುದುಕರಿಗೆ ಎದುರು ಕೂತು ಉಣ್ಣುತ್ತಾಳೆ. ಅಲ್ಲಿಗೆ ಬಂದಾಗ ಅವಳ ಯೋಚನೆ ಬಿಸಿತುಪ್ಪವಾಗುತ್ತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ನಡುವೆ ಒಬ್ಬ ನರ್ಸ್ ಬರೆದ ಚೀಟಿ ಸಿಕ್ಕಿತು. ‘ಅಮ್ಮನಿಗೆ ಕೊನೆಯ ವಾರ ಏನೂ ಸೇರುತ್ತಿರಲಿಲ್ಲ. ಇಲ್ಲಿಯ ಸೂಪ್ ಬೇಕೆಂದರು. ಯಜಮಾನರು ಆರು ದಿನ ತಾವೇ ಫ್ಲಾಸ್ಕಿನಲ್ಲಿ ತಂದರು. ಏಳನೆಯ ದಿನವೂ ತಂದರು, ಅಮ್ಮ ಇರಲಿಲ್ಲ. ಕೂತು ನನಗೆ ಕುಡಿಸಿದರು.’ ಅದನ್ನು ಅಂಟಿಸುವಾಗ ಅವಳ ಕಣ್ಣು ತುಂಬಿ ಬಂತು. ಅಂಥವರ ಕೈಯಿಂದ ನಾನು ಸೌಟು ಕಿತ್ತುಕೊಂಡೆನಲ್ಲ, ಯಾಕೆ, ಒಬ್ಬ ಹುಡುಗ ಬರಲಿಲ್ಲ ಅಂತ.

ಶುಕ್ರವಾರ ಅವನು ಹೊಲಿದ ಕಟ್ಟುಗಳನ್ನು ಎಣಿಸಿದ. “ಒಂದು ಕಡಿಮೆ ಇದೆ. ಅಪ್ಪನ ಹಾಳೆ ಇರೋದು ಎಲ್ಲಿ?”

“ಹೊಲಿದಿಲ್ಲ.”

“ಯಾಕೆ?”

ಅವಳು ಸೂಜಿಯನ್ನು ದಾರದುಂಡೆಗೆ ಚುಚ್ಚಿದಳು. “ನಿಮ್ಮ ಅಪ್ಪ ಇದ್ದಾರಾ? ಬನ್ನಿ ಹೋಗೋಣ.”

ಮುಚ್ಚಿದ ಹೋಟೆಲಿನೊಳಗೆ ಕುರ್ಚಿಗಳೆಲ್ಲ ಟೇಬಲ್ ಹತ್ತಿ ಕೂತಿದ್ದವು. ಮೀನಿನ ತೊಟ್ಟಿಯ ಪಕ್ಕ ಯಜಮಾನರು ನ್ಯಾಪ್‌ಕಿನ್ ಮಡಿಸುತ್ತಿದ್ದರು. ಎರಡು ವರ್ಷದಿಂದ ಅವರಿಗೆ ಅದೇ ಕೆಲಸ. ಅವಳನ್ನು ಕಂಡು, “ಬಾಮ್ಮ, ಪುಸ್ತಕ ಆಯ್ತಾ?” ಅಂದರು.

ಅವಳು ಹಾಳೆಯನ್ನು ಅವರ ಮುಂದೆ ಬಿಡಿಸಿಟ್ಟಳು. ಹೇಗೆ ಶುರುಮಾಡಬೇಕೆಂದು ನಾಲ್ಕು ದಿನ ಯೋಚಿಸಿದ್ದೆಲ್ಲ ಮರೆತುಹೋಯಿತು.

“ಇದನ್ನ ಬರೆದದ್ದು ನಾನು.”

ಮುದುಕರ ಬೆರಳು ನಿಂತವು. ಹಿಂದಿನಿಂದ ಮಗನ ದನಿ ಬಂತು, “ನೀವಾ?”

“ನಾನೇ. ಅವತ್ತು ಒಂದೂವರೆಗೆ ಸಿಗೋಣ ಅಂದಿದ್ರಿ. ಇಲ್ಲಿಗೆ ಬಂದು ಕೂತೆ. ನೀವು ಬರ್ಲಿಲ್ಲ. ನಿಮ್ಮ ಮೇಲಿನ ಸಿಟ್ಟನ್ನ ಇವರ ಮೇಲೆ ತೀರಿಸ್ಕೊಂಡೆ.” ಅವಳು ಯಜಮಾನರ ಕಡೆ ತಿರುಗಿದಳು. “ತಪ್ಪಾಯ್ತು ಅನ್ನೋದು ಇದಕ್ಕೆ ತುಂಬ ಸಣ್ಣ ಮಾತು. ಆದ್ರೆ ಬೇರೆ ಮಾತು ನಂಗೆ ಗೊತ್ತಿಲ್ಲ.”

“ನಾನು ನಿಮ್ಮ ಅಂಗಡೀಲಿದ್ದೆ,” ಅಂದ ಮಗ. ಮುಖ ಬಿಳಿಚಿತ್ತು. “ಕರೆದವನು ನಾನು, ನಾನೇ ಬರ್ಬೇಕಲ್ವಾ ಅಂತ ಬಂದೆ. ನಿಮ್ಮ ದೊಡ್ಡಮ್ಮ, ‘ಅಲಂಕಾರ ಮಾಡ್ಕೊಂಡು ಯಾರನ್ನೋ ನೋಡೋಕೆ ಹೋದ್ಲಪ್ಪ’ ಅಂದ್ರು. ಸರಿ, ಯಾರೋ ಇದ್ದಾರೆ ಅಂದ್ಕೊಂಡೆ. ಆದ್ರೂ ಮೂರು ಗಂಟೆ ತನಕ ಅಲ್ಲೇ ಕೂತಿದ್ದೆ. ನಾನು ಬಂದಿದ್ದು ಹೇಳ್ಬೇಡಿ ಅಂತ ಅವರಿಗೆ ಹೇಳಿ ಎದ್ದುಬಂದೆ.”

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗಬಹುದಾದ ಮಾತು. ಯಾರೂ ನಗಲಿಲ್ಲ.

“ಅವತ್ತು ನಾನು ಇಲ್ಲಿದ್ದಿದ್ರೆ…” ಎಂದವನು ಅಲ್ಲಿಗೇ ನಿಲ್ಲಿಸಿದ.

“ಇದ್ದಿದ್ರೆ ಏನು?” ಅಪ್ಪ ಕೇಳಿದರು. “ಸೂಪ್ ಮಾಡ್ತಿದ್ದವನು ನಾನು. ನೀನಿದ್ರೆ ಉಪ್ಪು ಕಡಿಮೆ ಆಗ್ತಿತ್ತಾ?”

ಅವನು ಅವಳನ್ನು ನೋಡಿದ. ಬೇಕಿದ್ದರೆ ಸುಮ್ಮನಿರಬಹುದಿತ್ತು, ತಪ್ಪು ಹೊರಲು ಒಬ್ಬಳು ಆಗಲೇ ನಿಂತಿದ್ದಳು.

“ಆಗ್ತಿತ್ತಪ್ಪ,” ಅಂದ. “ಮೂರು ವರ್ಷದ ಹಿಂದೆ ಆ ಜ್ವರ ಬಂದು ಹೋದ ಮೇಲೆ ನಿಮ್ಮ ನಾಲಿಗೆಗೆ ರುಚಿ ತಿಳೀತಿರ್ಲಿಲ್ಲ. ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನೀವು ಅತ್ತ ತಿರುಗಿದಾಗ ನಾನು ಬಿಸಿನೀರು ಬೆರೆಸಿ ಸರಿ ಮಾಡ್ತಿದ್ದೆ. ಒಂದು ವರ್ಷ ಹಾಗೇ ಮಾಡ್ದೆ. ಅವತ್ತೊಂದು ದಿನ ಬೆರೆಸೋಕೆ ಯಾರೂ ಇರ್ಲಿಲ್ಲ.”

ಯಜಮಾನರು ಅರ್ಧ ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

ಮೊದಲು ಅವಳಿಗೆ ಹೇಳಿದರು. “ತಿಂದೋಳು ನೀನು. ಉಪ್ಪು ಜಾಸ್ತಿ ಅನ್ನೋ ಹಕ್ಕು ನಿಂಗಿತ್ತು. ಸೌಟು ಕೆಳಗಿಡು ಅನ್ನೋ ಹಕ್ಕು ಇರ್ಲಿಲ್ಲ.”

“ಇರ್ಲಿಲ್ಲ,” ಅಂದಳು.

ಆಮೇಲೆ ಮಗನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಬಟ್ಟಲೆಲ್ಲ ಖಾಲಿಯಾಗಿ ವಾಪಸ್ ಬರೋದು. ನಾಲಿಗೆ ಹೋದ್ರೇನು, ಕೈ ಇನ್ನೂ ಸರಿ ಇದೆ ಅಂತ ನಾನು ಹಿಗ್ಗೋನು. ಅವಳು ಎದುರಿಗೆ ಸಿಗದೆ ಹೊಡೆದ್ಲು. ನೀನು ಬೆನ್ನ ಹಿಂದೆ ನಿಂತು ಒಂದು ವರ್ಷ ನನ್ನನ್ನ ಮಗು ಮಾಡ್ದೆ.”

ಎದ್ದರು. ಅಡುಗೆಮನೆಯ ಬಾಗಿಲು ತಳ್ಳಿ ಒಳಗೆ ಹೋಗಿ ಮುಚ್ಚಿಕೊಂಡರು.

ಹೊರಗೆ ಇಬ್ಬರೂ ನಾಲ್ಕನೇ ಟೇಬಲ್ಲಿನಿಂದ ಎರಡು ಕುರ್ಚಿ ಇಳಿಸಿಕೊಂಡು ಕೂತರು.

“ನನ್ನ ಮೇಲೆ ಸಿಟ್ಟಿಲ್ವಾ?” ಅವಳು ಕೇಳಿದಳು.

“ಇದೆ. ಆದ್ರೆ ಪೂರ್ತಿ ಸಿಟ್ಟು ಮಾಡ್ಕೊಳ್ಳೋಕೆ ನಂಗೆ ಯೋಗ್ಯತೆ ಇಲ್ಲ. ಇಷ್ಟು ದಿನ ಬರೆದವರನ್ನ ಬೈತಿದ್ದೆನಲ್ಲ, ಅದು ನನ್ನ ತಪ್ಪು ಮುಚ್ಚಿಕೊಳ್ಳೋಕೆ.” ಅವನು ತನ್ನ ಉದ್ದನೆಯ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲಿಟ್ಟ. “ಹೇಳದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?”

“ಪುಸ್ತಕ ಮುಗಿದ ಮೇಲೆ ನೀವೊಂದು ಮಾತು ಕೇಳ್ತೀರಲ್ಲ, ಅದಕ್ಕೆ ಹೂಂ ಅನ್ಬೇಕು ಅಂತಿತ್ತು. ಇದನ್ನ ಹೊಟ್ಟೇಲಿಟ್ಕೊಂಡು ಹೂಂ ಅನ್ನೋಕೆ ಆಗ್ತಿರ್ಲಿಲ್ಲ.” ಅವಳಿಗೆ ಅಳು ಬಂತು. “ಈಗ ಕೇಳ್ಬೇಡಿ. ಇವತ್ತು ಬೇಡ.”

“ಕೇಳಲ್ಲ,” ಅಂದ. ಆದರೆ ಅವನ ಕೈ ಬಂದು ಅವಳ ಕೈ ಮೇಲೆ ಕೂತಿತು. ಅವಳ ಬೆರಳ ಗೋಂದು ಇನ್ನೂ ಆರಿರಲಿಲ್ಲ. ಬಿಡಿಸಿಕೊಳ್ಳಲು ಇಬ್ಬರೂ ಅವಸರ ಮಾಡಲಿಲ್ಲ.

ಒಳಗಿನಿಂದ ಸ್ಟೌವ್ ಹೊತ್ತಿದ ಸದ್ದು ಬಂತು. ಮಗ ಎದ್ದು ನಿಂತ, ಅವಳು ಅಂಗಿಯ ತೋಳು ಹಿಡಿದು ಕೂರಿಸಿದಳು. ಕೊಚ್ಚುವ ಸದ್ದು, ಬಾಣಲೆಯ ಸದ್ದು. ಅರ್ಧ ಗಂಟೆಯ ಮೇಲೆ ಯಜಮಾನರು ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಎರಡು ಬಟ್ಟಲು.

“ಕುಡೀರಿ. ಕುಡಿದು ಹೇಳಿ.”

ಅವಳು ಒಂದು ಚಮಚ ಬಾಯಿಗಿಟ್ಟಳು. ಒಂದೇ ಕ್ಷಣ ಸುಳ್ಳು ಹೇಳುವ ಆಸೆಯಾಯಿತು. ಮುದುಕರು ಅವಳ ಬಾಯನ್ನೇ ನೋಡುತ್ತಿದ್ದರು.

“ಉಪ್ಪು ಜಾಸ್ತಿ.”

“ಎಷ್ಟು?”

“ಇದರಲ್ಲಿ ಅರ್ಧ ಹಾಕಿದ್ರೆ ಸಾಕಿತ್ತು. ಉಳಿದದ್ದೆಲ್ಲ ಚೆನ್ನಾಗಿದೆ. ತುಂಬ ಚೆನ್ನಾಗಿದೆ.”

“ಉಳಿದದ್ದನ್ನ ನಾನು ಕೇಳ್ಲಿಲ್ಲ.” ಮಗನ ಕಡೆ ನೋಡಿದರು. “ನೀನು?”

ಅವನು ಬಟ್ಟಲು ಕೆಳಗಿಟ್ಟ. ಮೂರು ವರ್ಷ ತಡೆದದ್ದನ್ನು ಅಪ್ಪನ ಮುಖ ನೋಡಿ ಹೇಳಿದ. “ಹೌದಪ್ಪ, ಜಾಸ್ತಿ.”

ಯಜಮಾನರು ತಲೆಯಾಡಿಸಿ, ಎರಡು ಬಟ್ಟಲನ್ನೂ ಎತ್ತಿಕೊಂಡರು. ಬಾಗಿಲ ಬಳಿ ನಿಂತರು.

“ಏಯ್ ಹುಡುಗಿ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸೂಪ್ ಇಳಿಸ್ತೀನಿ. ಬಂದು ರುಚಿ ನೋಡು. ಇವನನ್ನ ನಂಬೋ ಹಾಗಿಲ್ಲ. ನಿನ್ನ ಮೇಲೆ ಸಿಟ್ಟು ಇದ್ದೇ ಇದೆ, ತಿಳ್ಕೋ. ನಾನು ಕರೀತಿರೋದು ಪಾತ್ರೆ ಸಲುವಾಗಿ, ಇವನ ಸಲುವಾಗಿ ಅಲ್ಲ.”

ಅವಳು ಮುಖ ಒರೆಸಿಕೊಂಡಳು.

“ಎರಡರ ಸಲುವಾಗೂ ಬರ್ತೀನಿ,” ಅಂದಳು, ಇಬ್ಬರಿಗೂ ಕೇಳುವಂತೆ.

ಪಕ್ಕದಲ್ಲಿದ್ದವನ ಕಿವಿ ಕೆಂಪಾದವು. ಯಜಮಾನರು ಒಳಗೆ ಹೋದರು. ಈ ಸಲ ಬಾಗಿಲು ಮುಚ್ಚಿಕೊಳ್ಳಲಿಲ್ಲ.